ಗಾಜಿನಾಚೆಯ ಬೆನ್ನು

ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಗಂಡನೇ ಚಹಾ ಮಾಡಿಟ್ಟಿದ್ದ. ಅದನ್ನು ಕಂಡ ಕೂಡಲೇ ಅವಳಿಗೆ ಅನಿಸಿದ್ದು, ಹಾಗಾದರೆ ಕಾಯಿಲೆ ದೊಡ್ಡದೇ. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಒಲೆಯ ಹತ್ತಿರ ಬಂದದ್ದು ಸಿಗರೇಟು ಹಚ್ಚಿಕೊಳ್ಳುವುದಕ್ಕೆ ಮಾತ್ರ. ಈಗ ಲೋಟದ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಬಿಸ್ಕತ್ತು ಇಟ್ಟು, ಪರೀಕ್ಷೆ ಬರೆದು ಮುಗಿಸಿದವನ ಹಾಗೆ ಪಕ್ಕದಲ್ಲಿ ನಿಂತಿದ್ದ. ಸಕ್ಕರೆ ಸುರಿದುಬಿಟ್ಟಿದ್ದ. ಅವಳು ಒಂದು ಗುಟುಕು ಕುಡಿದು "ಚೆನ್ನಾಗಿದೆ" ಎಂದಳು. ಅವನ ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವಳಿಗೆ ಸುಸ್ತಾಯಿತು. ಕಾಯಿಲೆಯವಳೂ ತಾನೇ, ಮಿಕ್ಕವರಿಗೆ ಸಮಾಧಾನ ಮಾಡಬೇಕಾದವಳೂ ತಾನೇ. "ಕೊಬ್ಬಿನ ಗಂಟು ಅಂದ್ರೆ ಏನೂ ಅಲ್ಲ ಕಣೇ, ತಲೆ ಕೆಡಿಸ್ಕೋಬೇಡ" ಎಂದು ಅವನು ಎದುರಿಗೆ ಬಗ್ಗಿ ಕೂಗಿದ. ಕೂಗಿದ ರಭಸಕ್ಕೆ ಕತ್ತಿನ ನರ ಉಬ್ಬಿತು. ಕಾರ್ಖಾನೆಯ ಗೇಟಿನ ಮುಂದೆ ಘೋಷಣೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಜನ ಅವನ ಹೆಸರು ಬಿಟ್ಟು ಮೈಕು ಎಂದೇ ಕರೆಯಲು ಶುರುಮಾಡಿ ಎಷ್ಟೋ ಕಾಲವಾಗಿತ್ತು. ಆಸ್ಪತ್ರೆಯಿಂದ ಬಂದ ದಿನದಿಂದ ಮೈಕು ಈ ಒಂದು ಸುಳ್ಳನ್ನು ಹೊತ್ತು ಹೊತ್ತಿಗೆ, ಔಷಧಿ ಕುಡಿಸಿದ ಹಾಗೆ, ಅವಳಿಗೆ ಕೂಗಿ ಕುಡಿಸುತ್ತಿದ್ದ. ಅವಳೂ ತಲೆಯಾಡಿಸಿ ನುಂಗುತ್ತಿದ್ದಳು. ಅದು ಕ್ಯಾನ್ಸರ್ ಎಂಬುದು ಗಂಡನಿಗೂ ಮಗಳಿಗೂ ಗೊತ್ತಾದ ಗಳಿಗೆಯಲ್ಲೇ, ಡಾಕ್ಟರ ಅದೇ ಬಾಯಿಂದ, ಅವಳಿಗೂ ಗೊತ್ತಾಗಿಹೋಗಿತ್ತು. ಗೊತ್ತಾಗದೆ ಉಳಿದದ್ದು ಒಂದೇ: ಡಾಕ್ಟರು ಕೇಳಿದ ಕೊನೆಯ ಪ್ರಶ್ನೆಗೆ ಈ ಮನುಷ್ಯ ಏನು ಉತ್ತರ ಕೊಟ್ಟ ಎಂಬುದು.

ಮಗ್ಗದ ಶೆಡ್ಡು ಅವಳ ಕಿವಿಯನ್ನು ಒಂದೇ ಸಲಕ್ಕೆ ತಿಂದಿರಲಿಲ್ಲ. ತುತ್ತು ತುತ್ತಾಗಿ, ಅವಸರವಿಲ್ಲದೆ ಉಂಡಿತ್ತು. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಹಾಲು ಉಕ್ಕುವ ಸದ್ದು, ಆಮೇಲೆ ಪಕ್ಕದ ಕೋಣೆಯಿಂದ ಮಗಳು ಅಮ್ಮಾ ಎಂದು ಕರೆಯುವ ಸದ್ದು. ಈಗ ಉಳಿದದ್ದು ನೀರಿನಡಿಯಿಂದ ಬಂದಂಥ ಒಂದು ಗುಂಯ್‌ಗುಡುವಿಕೆ. ಮಾಲೀಕ ಬಟ್ಟೆಗೆ ಬೆಲೆ ಕಟ್ಟುವಾಗ ನೂಲು, ಬಣ್ಣ, ವಿದ್ಯುತ್ತು ಎಲ್ಲ ಸೇರಿಸುತ್ತಿದ್ದ. ಅದರಲ್ಲಿ ನೇಯ್ದವಳ ಕಿವಿ ಎಂದೂ ಸೇರಿರಲಿಲ್ಲ. ಮನೆಯವರು ಎದುರು ನಿಂತು ಕೂಗುತ್ತಿದ್ದರು, ಅವಳು ಉತ್ತರ ಕೊಡುತ್ತಿದ್ದಳು, ಕೂಗಿದ್ದರಿಂದಲೇ ಕೇಳಿಸಿತು ಎಂದು ಅವರು ತಿಳಿದುಕೊಂಡಿದ್ದರು. ಅವಳು ಕೇಳುತ್ತಿರಲಿಲ್ಲ, ಅವರ ತುಟಿ ನೋಡುತ್ತಿದ್ದಳು. ಅದನ್ನು ತಿದ್ದಬೇಕೆಂದು ಅವಳಿಗೆ ಅನಿಸಿರಲಿಲ್ಲ. ಕೂಗಿದರೆ ಅವರಿಗೂ ಏನೋ ಮಾಡಿದ ತೃಪ್ತಿ. ಮಗಳಂತೂ ಹಗಲೆಲ್ಲ ಶಾಲೆಯಲ್ಲಿ ಮಕ್ಕಳ ಮುಂದೆ ಕೂಗಿ ಬಂದು ಸಂಜೆ ತಾಯಿಯ ಮುಂದೆ ಕೂಗಿ ಗಂಟಲು ಒಡೆದುಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ, ಅವಳು ಶೆಡ್ಡಿನೊಳಗೆ ಕಾಲಿಟ್ಟವಳಲ್ಲ. ಗಂಡನಿಗೆ ಗೊತ್ತಿರಬೇಕಿತ್ತು. ಅವನೂ ಒಂದು ಕಾಲಕ್ಕೆ ಅದೇ ಶೆಡ್ಡಿನಲ್ಲಿ, ಎದುರು ಸಾಲಿನ ಮಗ್ಗದಲ್ಲಿ, ನೂಲಿನ ಧೂಳು ಕುಡಿದವನು. ಮೈಕಿನ ಮುಂದೆ ನಿಂತ ಮೇಲೆ ಮನುಷ್ಯನಿಗೆ ತನ್ನ ದನಿ ಒಂದು ಬಿಟ್ಟು ಮಿಕ್ಕದ್ದೆಲ್ಲ ಮರೆತುಹೋಗುತ್ತದೇನೋ.

ಅಡುಗೆಮನೆಯಲ್ಲಿ ಡಬ್ಬಿಗಳು ಮತ್ತೆ ಮೇಲಿನ ಹಲಗೆಗೆ ಏರಿದ್ದವು. ನಿನ್ನೆ ಸಂಜೆ ಅವಳು ಅವನ್ನು ಒಂದೊಂದಾಗಿ ಕೆಳಗಿಳಿಸಿ ಒಲೆಯ ಪಕ್ಕದ ಗೂಡಿನಲ್ಲಿ ಜೋಡಿಸಿದ್ದಳು. ಮೊನ್ನೆಯೂ ಹಾಗೇ ಮಾಡಿದ್ದಳು. ಮಗಳು ಒಂದು ಮಾತೂ ಆಡದೆ ತಿರುಗಿ ಮೇಲಿಡುತ್ತಿದ್ದಳು. ಪ್ಯಾಕಿಂಗ್ ವಿಭಾಗದ ದೊಡ್ಡಕ್ಕನಿಗೆ ಎದೆಯ ಇದೇ ಆಪರೇಷನ್ ಆದಾಗ ಎಷ್ಟೋ ದಿನ ಆ ಕಡೆಯ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಕೂದಲು ಬಾಚಲು ಮೇಜಿನ ಮೇಲೆ ಮೊಣಕೈ ಊರಿ ತಲೆಯನ್ನೇ ಬಾಚಣಿಗೆಯ ಹತ್ತಿರ ಬಗ್ಗಿಸುತ್ತಿದ್ದಳು, ಹಸು ಗೋಡೆಗೆ ಕತ್ತು ಉಜ್ಜಿದ ಹಾಗೆ. ಅದು ಇವಳ ಕಣ್ಣಲ್ಲಿ ಕೂತುಬಿಟ್ಟಿತ್ತು. ಡಬ್ಬಿ ಕೆಳಗಿರಬೇಕು, ಕುಪ್ಪಸದ ಗುಂಡಿ ಒಂದೇ ಕೈಯಲ್ಲಿ ಹಾಕಲು ಬರಬೇಕು, ಬಲಗೈಯಲ್ಲೇ ಬಟ್ಟೆ ಹಿಂಡಬೇಕು. ಬಾಗಿಲು ಹಾಕಿಕೊಂಡು ಅವಳು ಇದನ್ನೆಲ್ಲ ಕಲಿಯುತ್ತಿದ್ದಳು, ಯಾವುದೋ ಕಳ್ಳತನಕ್ಕೆ ತಯಾರಿ ನಡೆಸಿದ ಹಾಗೆ. ಆಪರೇಷನ್ ಆಗುತ್ತದೋ ಇಲ್ಲವೋ ಅದೇ ಗೊತ್ತಿಲ್ಲ, ಕೈಗೆ ಮಾತ್ರ ತಾಲೀಮು. ಹಲಗೆಯ ಮುಂದೆ ನಿಂತು ಮತ್ತೆ ಡಬ್ಬಿಗೆ ಕೈ ಹಾಕಿದಾಗ ಮಗಳು ಬಾಗಿಲಲ್ಲಿ ನಿಂತು ಅಪ್ಪನ ಕಡೆ ತಿರುಗಿದ್ದು ಕಾಣಿಸಿತು. ದನಿ ತಗ್ಗಿಸಿದ್ದಳು. ದನಿ ತಗ್ಗಿಸಿದವರ ತುಟಿ ಇನ್ನೂ ಸ್ಪಷ್ಟ. "ಅಪ್ಪ, ನೋಡು, ಅಮ್ಮನಿಗೆ ಮರೆವು..." ಎಂಬಷ್ಟು ಕಂಡಿತು. ಅವಳು ಥಟ್ಟನೆ ಕಣ್ಣು ಕೆಳಗಿಳಿಸಿ ಡಬ್ಬಿಯ ಮುಚ್ಚಳ ನೋಡತೊಡಗಿದಳು.

ಶೆಡ್ಡಿನ ಮರ್ಯಾದೆ ಅದು. ಅಲ್ಲಿ ಕಿವಿಗೆ ಕೆಲಸವಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳು ಅತ್ತರೂ ಕೇಳಿಸದು. ಅದಕ್ಕೇ ಅಲ್ಲಿಯವರು ತುಟಿಯಲ್ಲಿ ಮಾತಾಡುತ್ತಾರೆ. ದನಿ ಹೊರಡಿಸದೆ, ಒಂದೊಂದು ಅಕ್ಷರವನ್ನೂ ಬಿಡಿಸಿ, ಸಾಲುಗಳ ಆಚೆಯಿಂದ ಈಚೆಗೆ. ತುಟಿಮಾತು ಎನ್ನುತ್ತಾರೆ. ಗುಟ್ಟು ಹೇಳುವುದಾದರೆ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಮರೆತು ಹಿಡಿಯದೆ ಹೋದರೆ ಕಂಡವರು ಮುಖ ತಿರುಗಿಸಿಕೊಳ್ಳಬೇಕು. ನಿನಗೆ ಹೇಳಿದ್ದಲ್ಲದ ಮಾತನ್ನು ಓದುವುದು ಇನ್ನೊಬ್ಬರ ಡಬ್ಬಿಯಿಂದ ಊಟ ಕದ್ದ ಹಾಗೆ. ಶೆಡ್ಡಿಗೆ ಹೊಸದಾಗಿ ಬಂದವರಿಗೆ ಮಗ್ಗ ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು. ಅವಳು ಒಮ್ಮೆಯೂ ತಪ್ಪಿದವಳಲ್ಲ, ಆಸ್ಪತ್ರೆಯ ಆ ಬೆಂಚಿನ ತನಕ. ಈಗ ಮನೆಯೊಳಗೆ ಕಣ್ಣು ತಗ್ಗಿಸಿ ಓಡಾಡುವುದು ಆ ಒಂದು ಕಳ್ಳತನಕ್ಕೆ ಕಟ್ಟುತ್ತಿರುವ ದಂಡ. ಆದರೆ ದಂಡ ಕಟ್ಟಿದರೂ ಕದ್ದದ್ದು ಹೊಟ್ಟೆಯೊಳಗೇ ಇತ್ತು. ಮಗಳು ಮುಂದೆ ಬಂದು ಕೂಗಿದಳು, "ಇವತ್ತು ರಜೆ ಹಾಕಮ್ಮ."

"ಕೊಬ್ಬಿನ ಗಂಟಿಗೆ ಯಾರಾದ್ರೂ ರಜೆ ಹಾಕ್ತಾರಾ?" ಎಂದಳು ಅವಳು.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳಿಗೆ ನಗು ಬರುವಂತಾಯಿತು, ಬರಲಿಲ್ಲ. ಗಂಡ ಅವಳ ಚೀಲ ತಾನೇ ಹೆಗಲಿಗೆ ಹಾಕಿಕೊಂಡು ಗೇಟಿನ ತನಕ ಬಂದ. ದಾರಿಯಲ್ಲಿ ಎದುರಾದವರೆಲ್ಲ ಅವನಿಗೆ ಕೈ ಎತ್ತಿದರು, ಅವನೂ ಎತ್ತಿದ. ಯೂನಿಯನ್ ಲೀಡರ್ ಹೆಂಡತಿಯ ಚೀಲ ಹೊತ್ತಿದ್ದು ನೋಡಿ ಒಂದಿಬ್ಬರು ಏನೋ ಹೇಳಿಕೊಂಡು ನಕ್ಕರು. ಅವಳು ನೆಲ ನೋಡಿಕೊಂಡು ನಡೆದಳು. ಅಂಗಡಿಗಳ ಗಾಜಿನಲ್ಲಿ ಇಬ್ಬರೂ ಜೊತೆಯಾಗಿ ಮೂಡಿ ಮುಂದಿನ ಅಂಗಡಿಗೆ ಜಾರಿ ಹೋಗುತ್ತಿದ್ದರು. ಪ್ರತಿ ಗಾಜಿನಲ್ಲೂ ಅವಳಿಗೆ ಮೊದಲು ಕಾಣಿಸುತ್ತಿದ್ದುದು ಅವನ ಬೆನ್ನು.

ಆ ಡಾಕ್ಟರ ಕೋಣೆಯ ಬಾಗಿಲಿಗೂ ಹೀಗೇ ಅರ್ಧ ಗಾಜಿತ್ತು. "ನೀನಿಲ್ಲೇ ಕೂತಿರು, ಔಷಧಿ ವಿಷಯ ಮಾತಾಡಿ ಬರ್ತೀವಿ" ಎಂದು ಮಗಳು ಕೂಗಿ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು. ಬಾಗಿಲು ಮುಚ್ಚಿಕೊಂಡರು. ಚಿಲಕವನ್ನೂ ಹಾಕಿಕೊಂಡರು, ಮಾತು ಸಂದಿಯಿಂದ ನುಸುಳಿ ಹೋಗುವ ಬೆಕ್ಕೇನೋ ಎನ್ನುವ ಹಾಗೆ. ಗಾಜಿನಾಚೆ ಎರಡು ಬೆನ್ನು, ಅವುಗಳ ನಡುವೆ ಡಾಕ್ಟರ ಮುಖ. ಹೆಂಗಸು, ಬಳಲಿದವಳು, ಬಳಲಿದವರು ಮಾತು ನುಂಗುತ್ತಾರೆ, ಆದರೆ ಈಕೆ ಒಂದೊಂದನ್ನೂ ಬಿಡಿಸಿ ಹೇಳುವಂಥವಳು. ಅವಳು ಮುಖ ತಿರುಗಿಸಬೇಕಿತ್ತು. ಗೋಡೆಯ ಮೇಲೆ ನೋಡುವುದಕ್ಕೆ ಒಂದು ಕ್ಯಾಲೆಂಡರೂ ಇತ್ತು. "ಗಂಟಿನ ಚೂರು ತೆಗೆದು ಕಳಿಸಿದ್ವಲ್ಲ, ರಿಪೋರ್ಟ್ ಬಂದಿದೆ. ಕ್ಯಾನ್ಸರ್" ಎಂದಿತು ಆ ಬಾಯಿ. ಮಗಳ ಬೆನ್ನು ಮುಂದಕ್ಕೆ ಬಾಗಿತು. ಗಂಡನ ಬೆನ್ನು ಏನೋ ಕೇಳಿತು. "ಇಲ್ಲ ಇಲ್ಲ, ಪೆಟ್ಟು ಬಿದ್ದು, ಒತ್ತಿಕೊಂಡು ಬರೋ ಕಾಯಿಲೆ ಅಲ್ಲ ಇದು." ಅಂದರೆ ಅವನು ನೇಯುವಾಗ ಎದೆಗೆ ಒತ್ತುವ ಮಗ್ಗದ ಅಡ್ಡಪಟ್ಟಿಯ ಬಗ್ಗೆ ಕೇಳಿರಬೇಕು. ಅವನಿಗೂ ಅದೇ ಚುಚ್ಚಿರಬೇಕು. "ಎಡಗಡೆ ಎದೆ ತೆಗೀಬೇಕಾಗುತ್ತೆ. ಆಮೇಲೆ ಔಷಧಿ. ಈಗ ಮಾಡಿದ್ರೆ ಉಳಿಯೋ ದಾರಿ ಚೆನ್ನಾಗಿದೆ." ಬೆನ್ನು. "ಅವರಿಗೆ ಹೇಳೋದು ಬೇಡ್ವಾ? ಅದು ಹೇಗಾಗುತ್ತೆ?" ಮತ್ತೆ ಬೆನ್ನು. "ಮೊದಲು ಇದನ್ನ ಹೇಳಿ, ಆಪರೇಷನ್ ಮಾಡ್ಸೋದಾ, ಬೇಡ್ವಾ?" ಆಗಲೂ ಕಂಡದ್ದು ಅವನ ಬೆನ್ನೇ. ಅವಳೇ ಇಸ್ತ್ರಿ ಮಾಡಿಕೊಟ್ಟ ಅಂಗಿ. ಕಾಲರಿನ ಹಿಂದೆ ಒಂದು ನೂಲು ಬಿಟ್ಟುಕೊಂಡಿತ್ತು. ಬಲಗೈ, ವೇದಿಕೆಯ ಮೇಲೆ ಎತ್ತುವ ಹಾಗೆ ಎದ್ದು, ಅರ್ಧದಲ್ಲೇ ತೊಡೆಯ ಮೇಲೆ ಬಿತ್ತು. ಅವನು ಏನೋ ಹೇಳಿದ. ಭುಜ ಅಲುಗಿದ್ದರಿಂದ ಹೇಳಿದ್ದು ಗೊತ್ತಾಯಿತು. ಡಾಕ್ಟರು ಮೇಜಿನ ಕಡೆ ನೋಡಿ, "ಸರಿ. ನಿಮ್ಮಿಷ್ಟ. ತುಂಬ ತಡ ಮಾಡ್ಬೇಡಿ" ಎಂದರು. ಅಷ್ಟೆ. ತನ್ನ ಎದೆಯ ವಿಷಯ ಮೂವರು ಬಾಗಿಲು ಹಾಕಿಕೊಂಡು ಮಾತಾಡಿ ಮುಗಿಸಿದ್ದರು, ಎದೆ ಹೊತ್ತವಳು ಬೆಂಚಿನ ಮೇಲೆ, ಕಾಯಲು ಬಿಟ್ಟ ಚೀಲಗಳ ಜೊತೆ. ಹೊರಗೆ ಬಂದ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು "ಕೊಬ್ಬಿನ ಗಂಟಂತೆ" ಎಂದು ಕೂಗಿದಾಗ ಆ ಸಾಲಿನಲ್ಲಿದ್ದ ರೋಗಿಗಳೆಲ್ಲ ತಿರುಗಿ ನೋಡಿದ್ದರು. ಅವಳಿಗೆ ನಾಚಿಕೆಯಾಗಿತ್ತು. ಅಷ್ಟು ದೊಡ್ಡ ಸುದ್ದಿ ಎದೆಯಲ್ಲಿಟ್ಟುಕೊಂಡು, ಅವಳು ನಾಚಿಕೊಂಡದ್ದು ಮಗಳು ಜೋರಾಗಿ ಕೂಗಿದ್ದಕ್ಕೆ.

ಆ ದಿನದಿಂದ ಅವಳು ಆ ಬೆನ್ನಿಗೆ ಮಾತು ಕೊಡಿಸುತ್ತಿದ್ದಳು. ಪಾತ್ರೆ ತೊಳೆಯುವಾಗ ಆ ಬೆನ್ನು "ಬೇಡ ಬಿಡಿ ಡಾಕ್ಟ್ರೇ, ಈ ವಯಸ್ಸಲ್ಲಿ ಕೊಯ್ಸಿ ಏನಾಗ್ಬೇಕು" ಎನ್ನುತ್ತಿತ್ತು. ಹಾಸಿಗೆ ಹಾಸುವಾಗ "ಒಪ್ಪಂದದ ಮಾತುಕತೆ ನಡೀತಿದೆ, ಅದು ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಿತ್ತು. ಅದು ಅವನು ಹೇಳುವಂಥ ಮಾತೇ. ಮಗಳು ಹುಟ್ಟಿದ ದಿನವೂ ಅವನು ಗೇಟಿನ ಮುಂದೆ ಧರಣಿ ಕೂತಿದ್ದ. ಬಂದಮೇಲೆ ಕೂಸನ್ನು ಎತ್ತಿಕೊಂಡು "ನಮ್ಮ ಕಡೆ ಇನ್ನೊಂದು ದನಿ ಸೇರಿತು" ಎಂದಿದ್ದ, ಅವಳು ಹೆಮ್ಮೆಪಟ್ಟಿದ್ದಳು. ಕೇಳಿಯೇ ಬಿಡಬಹುದಿತ್ತು. ಆದರೆ ಕೇಳಬೇಕಾದರೆ ಕದ್ದು ಓದಿದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಗಳಿಗೆಯಲ್ಲಿ ಈ ಚಹಾ, ಈ ಬಿಸ್ಕತ್ತು, ಈ ಕೊಬ್ಬಿನ ಗಂಟು ಎಲ್ಲ ಕಳಚಿ ಬಿದ್ದು, ಮೂವರೂ ಬರಿಗೈಯಲ್ಲಿ ಎದುರೆದುರು ನಿಲ್ಲಬೇಕು. ಅಷ್ಟಕ್ಕೆ ಅವಳಲ್ಲಿ ತ್ರಾಣವಿರಲಿಲ್ಲ. ತಡ ಮಾಡಬೇಡಿ ಎಂದಿದ್ದ ಬಾಯಿ ಮಾತ್ರ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಶೆಡ್ಡಿನ ಬಾಗಿಲು ದಾಟಿದ ಕೂಡಲೇ ಅಂಗಾಲಿಗೆ ಮಗ್ಗಗಳ ನಡುಕ ಹತ್ತಿತು. ಅವಳಿಗೆ ಜೀವ ಹಗುರಾಯಿತು. ಇಲ್ಲಿ ಯಾರೂ ಅವಳಿಗಾಗಿ ಕೂಗುವುದಿಲ್ಲ. ಇಲ್ಲಿ ಎಲ್ಲರೂ ಕಿವುಡರೇ. ಗಾಳಿಯಲ್ಲಿ ನೂಲಿನ ಧೂಳು ತೇಲುತ್ತಿತ್ತು, ಎಲ್ಲರ ರೆಪ್ಪೆಗಳೂ ಬೆಳ್ಳಗಾಗಿದ್ದವು. ಪಕ್ಕದ ಮಗ್ಗದ ಗುಬ್ಬಿ ಆಗಲೇ ತುಟಿ ಬಿಚ್ಚಿದ್ದಳು. ಸಣ್ಣ ಆಳು, ಒಂದು ಕಡೆ ನಿಲ್ಲದವಳು, ಅದಕ್ಕೇ ಆ ಹೆಸರು.

"ಏನಕ್ಕ, ಲೀಡರ್ ಚೀಲ ಹೊತ್ಕೊಂಡು ಬಂದ್ರು? ಎಲೆಕ್ಷನ್ ಏನಾದ್ರೂ ಇದ್ಯಾ?"

"ಇದೆ ಕಣೇ. ನಂಗೊಂದು ವೋಟು ಅಂತೆ."

"ಕೊಡ್ಬೇಡ. ಮೊದ್ಲು ಪಾತ್ರೆ ತೊಳಿಸು, ಆಮೇಲೆ ನೋಡೋಣ ಅನ್ನು."

ಸಾಲಿನಾಚೆ ಇಬ್ಬರು ನಕ್ಕರು. ಅದು ಎಲ್ಲರಿಗೂ ಹೇಳಿದ ಮಾತು, ಓದಬಹುದಿತ್ತು. ನೂಲು ಕಡಿದುಕೊಂಡು ಮಗ್ಗ ನಿಂತಿತು. ಅವಳು ಅಡ್ಡಪಟ್ಟಿಯ ಮೇಲೆ ಎದೆ ಊರಿ, ಮುಂದಕ್ಕೆ ಬಗ್ಗಿ, ಕಡಿದ ನೂಲು ಹುಡುಕಿ ಗಂಟು ಹಾಕಿದಳು. ಗಂಡಸರ ಎತ್ತರಕ್ಕೆ ಮಾಡಿದ ಮಗ್ಗ. ಗಂಡಸಿಗೆ ಆ ಕಬ್ಬಿಣದ ಪಟ್ಟಿ ಹೊಟ್ಟೆಗೆ ಬರುತ್ತದೆ, ಹೆಂಗಸಿಗೆ ಎದೆಗೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆಲ್ಲ ಎದೆಯ ಮೇಲೆ ಅಡ್ಡಕ್ಕೆ ಒಂದು ಕಂದುಗಟ್ಟಿದ ಗುರುತಿರುತ್ತಿತ್ತು. ಗಂಟು ಮೊದಲು ಕೈಗೆ ಸಿಕ್ಕಾಗ ಅವಳು ಪಟ್ಟಿಯ ಗುರುತೇ ಗಟ್ಟಿಯಾಗಿದೆ ಎಂದುಕೊಂಡಿದ್ದಳು. ಗುಬ್ಬಿಗೆ ಹೇಳಿದಾಗ ಅವಳು, "ನಂಗೂ ಒಂದಿದೆ ಅಕ್ಕ, ಬೇಕಾದ್ರೆ ತಗೋ" ಎಂದು ನಕ್ಕಿದ್ದಳು. ಇಬ್ಬರೂ ನಕ್ಕಿದ್ದರು. ನಗುವಲ್ಲೇ ತಿಂಗಳುಗಳು ಸರಿದುಹೋದವು. ಪಟ್ಟಿ ಕಾಯಿಲೆ ತರಲಿಲ್ಲ, ಡಾಕ್ಟರೇ ಹೇಳಿದ್ದಾರೆ. ಪಟ್ಟಿ ಕಾಯಿಲೆಯನ್ನು ಬಚ್ಚಿಟ್ಟಿತು. ಬೇರೆ ಯಾವ ಹೆಂಗಸಾದರೂ ಹೆದರಿ ಓಡುತ್ತಿದ್ದಳು, ಮಗ್ಗದವಳು ಮಾತ್ರ ಅದನ್ನು ಕೂಲಿಯ ಭಾಗ ಎಂದುಕೊಂಡಳು. ಆ ಪಟ್ಟಿಗೆ ಮೆತ್ತೆ ಹೊದಿಸಬೇಕು ಎಂದು ಹೆಂಗಸರು ಯೂನಿಯನ್‌ಗೆ ಕೇಳಿದ್ದರು. ಸಭೆಯಲ್ಲಿ ಬೇಡಿಕೆಗಳನ್ನು ಓದುತ್ತ ಕೊನೆಗೆ ಅದಕ್ಕೆ ಬಂದಾಗ ಮೈಕು ತಡೆದು, "ಮೆತ್ತೆ ಬೇಕಂತಪ್ಪ. ಮುಂದಿನ ವರ್ಷ ದಿಂಬು ಕೇಳ್ತಾರೆ, ಆಮೇಲೆ ಹಾಸಿಗೆ" ಎಂದಿದ್ದ. ಗಂಡಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳೂ ನಕ್ಕಿದ್ದಳು, ಲೀಡರ್ ಹೆಂಡತಿ ನಗದೆ ಕೂತರೆ ಚೆನ್ನಾಗಿರುವುದಿಲ್ಲ ಎಂದು. ಆ ಸಲದ ಒಪ್ಪಂದ ಆದಾಗ ಮೊದಲು ಬಿಟ್ಟುಕೊಟ್ಟದ್ದು ಅದನ್ನೇ. ಮಾಲೀಕ ಬೇಡ ಎನ್ನುವ ಮೊದಲೇ ನಮ್ಮವರು ಬಿಟ್ಟಿದ್ದರು. ಹೆಂಗಸಿನ ಮೈ ಎಂದರೆ ಹೋರಾಟದಲ್ಲಿ ಚೌಕಾಸಿಗೆ ಇಟ್ಟುಕೊಂಡ ಚಿಲ್ಲರೆ.

ಗುಬ್ಬಿ ಅದೇ ಹೊತ್ತಿಗೆ ತನ್ನ ಮಗ್ಗದ ಮೇಲೆ ಬಗ್ಗಿದ್ದಳು, ಪಟ್ಟಿಗೆ ಎದೆ ಕೊಟ್ಟು. ನಂಗೂ ಒಂದಿದೆ ಅಕ್ಕ. ಹೇಳಬೇಕು, ನೀನೂ ತೋರಿಸಿಕೋ ಎಂದು ಈ ಗಳಿಗೆಯಲ್ಲೇ ಹೇಳಬೇಕು. ಹೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ ಸಂಜೆಯೊಳಗೆ ಮೈಕಿನ ಕಿವಿಗೆ ಹೋಗುತ್ತದೆ. ಅವಳು ಎರಡು ಸಲ ತುಟಿ ತೆರೆದು ಮುಚ್ಚಿದಳು. "ಏನಕ್ಕ?" ಎಂದಿತು ಗುಬ್ಬಿಯ ತುಟಿ. "ಏನಿಲ್ಲ, ಆಕಳಿಕೆ" ಎಂದಳು. ಸುಳ್ಳು ಎಷ್ಟು ಸಲೀಸಾಗಿ ಮನೆಯಿಂದ ಇಲ್ಲಿಗೂ ಜೊತೆಗೆ ಬಂದುಬಿಟ್ಟಿತ್ತು. ಎದುರು ಸಾಲಿನಲ್ಲಿ, ಈಗ ಯಾರೋ ಅಪರಿಚಿತ ನಿಂತಿರುವ ಆ ಮಗ್ಗದ ಹಿಂದಿನಿಂದ, ಒಂದು ಕಾಲಕ್ಕೆ ಮೀಸೆ ಚಿಗುರಿದವನೊಬ್ಬ, ಮೇಸ್ತ್ರಿ ನಡುವೆ ನಿಂತಿರುವಾಗಲೇ ಅವನ ಭುಜದ ಮೇಲಿಂದ, "ಸಂಜೆ ಗೇಟಿನ ಹತ್ರ ನಿಲ್ಲು" ಎಂದು ಹೇಳಿದ್ದ. ಎಷ್ಟು ದೊಡ್ಡದಾಗಿ, ಎಷ್ಟು ಬಿಡಿಸಿ ಹೇಳಿದ್ದ ಎಂದರೆ ಇಡೀ ಸಾಲು ಮುಖ ತಿರುಗಿಸಿತ್ತು. ಸಂಜೆ ಗೇಟಿನಾಚೆ ಮೊದಲ ಸಲ ಅವನ ದನಿ ಕೇಳಿ ಅವಳಿಗೆ ಅಚ್ಚರಿಯಾಗಿತ್ತು, ತುಟಿಯಲ್ಲಿ ಅಷ್ಟು ತುಂಬಿಕೊಂಡಿದ್ದ ಮಾತಿಗೆ ಇಷ್ಟು ತೆಳ್ಳನೆಯ ದನಿಯೇ ಎಂದು. ಆಗ ಅವಳಿಗೆ ಕಿವಿ ಇತ್ತು. ಆ ದನಿ ಆಮೇಲೆ ದಪ್ಪವಾಯಿತು, ಮೈಕು ಹಿಡಿಯಿತು, ವೇದಿಕೆ ಹತ್ತಿತು. ಅದು ಬೆಳೆದಷ್ಟೂ ಅವಳ ಕಿವಿ ಸವೆಯಿತು. ಸಾವಿರ ಜನ ಕೇಳುವ ದನಿಯನ್ನು ಅವಳು ಸರಿಯಾಗಿ ಕೇಳಿದ್ದು ಮದುವೆಯ ಮೊದಲಿನ ಕೆಲವು ಸಂಜೆ ಮಾತ್ರ.

ಊಟದ ಬಿಡುವು ಮುಗಿದು ಮಗ್ಗಗಳು ಮತ್ತೆ ಬಡಿಯಲು ಶುರುವಾದ ಮೇಲೆ ಶೆಡ್ಡಿನ ಬಾಗಿಲಲ್ಲಿ ಅವನು ಕಾಣಿಸಿದ. ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು. ಯೂನಿಯನ್ ಕೆಲಸವೆಲ್ಲ ಗೇಟಿನ ಹತ್ತಿರ, ಇಲ್ಲವೇ ಮೇಲಿನ ಆಫೀಸಿನಲ್ಲಿ. ಅವಳಿಗೆ ಮೊದಲು ಅನಿಸಿದ್ದು ಎಲ್ಲರಿಗೂ ಕೆಲಸ ನಿಲ್ಲಿಸಿ ಎಂದು ಹೇಳಲು ಬಂದಿದ್ದಾನೆ ಎಂದು. ಅವನು ಅವಳ ಕಡೆ ನೋಡಲೇ ಇಲ್ಲ. ನೋಡದೇ ಇರಲು ಪಡುತ್ತಿದ್ದ ಕಷ್ಟ ಮಾತ್ರ ದೂರಕ್ಕೂ ಕಾಣುತ್ತಿತ್ತು. ಸೀದಾ ಸಾಲಿನ ತುದಿಯಲ್ಲಿ ಎತ್ತರದ ಸ್ಟೂಲಿನ ಮೇಲಿದ್ದ ಮೇಸ್ತ್ರಿಯ ಬಳಿ ಹೋಗಿ ಕಿವಿಗೆ ಬಾಯಿ ಕೊಟ್ಟ. ಮೇಸ್ತ್ರಿ ಕೇಳಿಸಲಿಲ್ಲ ಎಂದು ಕೈಯಾಡಿಸಿದ. ಅವನು ಇನ್ನೂ ಜೋರು ಮಾಡಿದ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಇಷ್ಟು ಸದ್ದಿನಲ್ಲಿ ತನ್ನ ಮಾತು ಮೇಸ್ತ್ರಿಯ ಕಿವಿ ದಾಟಿ ಒಂದು ಗೇಣೂ ಆಚೆ ಹೋಗದು ಎಂದು ಅವನಿಗೆ ಖಾತ್ರಿ. ವೇದಿಕೆಯಲ್ಲಿ ಪಳಗಿದ ಬಾಯಿ, ಒಂದೊಂದು ಅಕ್ಷರಕ್ಕೂ ಬಾಗಿಲು ತೆರೆದ ಹಾಗೆ ತೆರೆಯಿತು. "ಅವಳಿಗೆ ಕ್ಯಾನ್ಸರ್. ಅವಳಿಗೆ ಗೊತ್ತಿಲ್ಲ. ಮಗ್ಗ ಬಿಡಿಸು, ಕೂತು ಮಾಡೋ ಕೆಲಸಕ್ಕೆ ಹಾಕು. ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗ್ಬಾರ್ದು."

ಮೊದಲು ಮೇಸ್ತ್ರಿಗೆ ಹತ್ತಿರದ ಮಗ್ಗದವಳು ಮುಖ ತಿರುಗಿಸಿದಳು. ಅವಳ ಪಕ್ಕದವಳು. ಅವಳ ಆಚೆಯವಳು. ಗಾಳಿ ಬೀಸಿದ ಕಡೆಗೆ ಬೆಳೆ ಬಾಗುವ ಹಾಗೆ ಇಡೀ ಸಾಲು, ಅದರ ಹಿಂದಿನ ಸಾಲು, ಒಂದೊಂದಾಗಿ ಬೆನ್ನಾದವು. ಯಾರೂ ಬಾಯಿಗೆ ಕೈ ಇಡಲಿಲ್ಲ, ಯಾರೂ ಅವಳ ಕಡೆ ನೋಡಲಿಲ್ಲ. ಗುಬ್ಬಿ ಕೊನೆಗೆ ತಿರುಗಿದಳು, ತಿರುಗುವಾಗ ಕೈಯಲ್ಲಿದ್ದ ನೂಲಿನ ಉಂಡೆ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಮೇಸ್ತ್ರಿ ಗಂಡನ ತೋಳು ಹಿಡಿದು ಗದ್ದದಿಂದ ಸಾಲಿನ ಕಡೆ ತೋರಿಸಿದ. ಅವನು ತಿರುಗಿದ. ಮೊದಲು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅವನ ಮುಖದ ಮೇಲೆ, ಬಹಳ ಒಳಗಿನಿಂದ, ಆ ಹಳೆಯ ಸಂಜೆಯ ಹಿಂದಿನ ಹಗಲಿನಿಂದ, ನೆನಪೊಂದು ಎದ್ದು ಬಂದದ್ದನ್ನು ಅವಳು ಕಂಡಳು. ಬೆನ್ನುಗಳ ಆ ಶೆಡ್ಡಿನಲ್ಲಿ ಒಂದೇ ಒಂದು ಮುಖ ಅವನ ಕಡೆಗಿತ್ತು.

ಅವನು ಬಾಯಿ ತೆರೆದು ಕೂಗಲು ಹೊರಟ. ಕತ್ತಿನ ನರ ಉಬ್ಬಿತು. ಅವಳು ಅಂಗೈ ಎತ್ತಿ ತಡೆದಳು.

"ಕೂಗ್ಬೇಡಿ" ಎಂದಳು, ದನಿಯಿಲ್ಲದೆ. "ಆಸ್ಪತ್ರೇಲಿ ನಿಮ್ಮ ಬೆನ್ನು ಕಾಣ್ತಿತ್ತು. ಡಾಕ್ಟ್ರು ಹೇಳಿದ್ದೆಲ್ಲ ಓದಿದೆ. ನೀವು ಹೇಳಿದ್ದು ಕಾಣ್ಲಿಲ್ಲ. ಆಪರೇಷನ್ ಮಾಡ್ಸೋದಾ ಬೇಡ್ವಾ ಅಂತ ಕೇಳಿದ್ರಲ್ಲ. ಏನಂದ್ರಿ?"

ಅವನು ಓದಿದ. ಓದಲು ಹೊತ್ತು ಹಿಡಿಯಿತು. ಅವನ ಕಣ್ಣು ಅವಳ ತುಟಿಯ ಮೇಲೆ ತಡವರಿಸಿತು, ಬಹಳ ವರ್ಷ ಬಿಟ್ಟ ಊರಿಗೆ ಬಂದವನು ಬೀದಿ ಹುಡುಕುವ ಹಾಗೆ. ಉತ್ತರ ಕೊಡಲು ಹೋದಾಗ ತುಟಿ ಏನನ್ನೋ ಅಗಿದಂತೆ ಆಡಿತು, ಮಾತಾಗಲಿಲ್ಲ. ಸಾವಿರ ಜನರನ್ನು ಒಂದು ಕೂಗಿಗೆ ಎಬ್ಬಿಸುವವನು, ದನಿ ಇಲ್ಲದೆ ಎಷ್ಟು ಚಿಕ್ಕವನಾಗಿ ಕಂಡ. ಮತ್ತೆ ಹೊರಟ. ಈ ಸಲ ಬಿಡಿಸಿ ಬಂತು.

"ಅವಳನ್ನ ಕೇಳಿ ಹೇಳ್ತೀನಿ ಅಂದೆ. ಕೇಳೋಕೆ ಬಾಯಿ ಬರ್ಲಿಲ್ಲ."

ಅದು ಅಂದೇ ಹೇಳಿದ ಮಾತೋ, ಈಗ ಈ ಬೆನ್ನುಗಳ ಮುಂದೆ ಹುಟ್ಟಿದ್ದೋ ಅವಳಿಗೆ ತಿಳಿಯಲಿಲ್ಲ. ಡಾಕ್ಟರ "ಸರಿ, ನಿಮ್ಮಿಷ್ಟ"ಕ್ಕೆ ಅದು ಹೊಂದುತ್ತಿತ್ತು. ಇಷ್ಟು ದಿನ ತಾನು ಆ ಬೆನ್ನಿಗೆ ಕೊಡಿಸಿದ ಮಾತುಗಳೂ ಹೊಂದುತ್ತಿದ್ದವು. ತೂಗಿ ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವಳು ಕೈ ಚಾಚಿ ತನ್ನ ಮಗ್ಗವನ್ನು ನಿಲ್ಲಿಸಿದಳು. ಅಷ್ಟು ಸದ್ದಿನಲ್ಲಿ ಒಂದು ಮಗ್ಗ ನಿಂತದ್ದು ಯಾರಿಗೂ ಕೇಳಿಸದು. ಅವಳ ಅಂಗಾಲಿಗೆ ಮಾತ್ರ ಗೊತ್ತಾಯಿತು.

"ಮಾಡಿಸ್ಕೊಳ್ತೀನಿ" ಎಂದಳು. "ನಾಳೆ ಹೋಗೋಣ. ಒಳಗೆ ನಾನು ಕೂರ್ತೀನಿ. ನೀವು ಗಾಜಿನಾಚೆ ಬೆಂಚಿನ ಮೇಲೆ ಕೂತಿರಿ."

ಅವನು ತಲೆಯಾಡಿಸಿದ. ಇಷ್ಟು ದಿನ ಅವನ ಸುಳ್ಳಿಗೆ ಅವಳು ಆಡಿಸುತ್ತಿದ್ದ ಹಾಗೆಯೇ.

"ಮತ್ತೆ, ಡಬ್ಬಿಗಳು ಕೆಳಗೇ ಇರ್ಲಿ. ಮಗಳಿಗೆ ಹೇಳಿ. ಮರೆವಲ್ಲ ಅದು. ಆಮೇಲೆ ಕೈ ಎತ್ತೋಕಾಗಲ್ಲ."

ಅವನಿಗೆ ಇದು ಕೂಡಲೇ ತಿಳಿಯಲಿಲ್ಲ. ಅವಳ ತುಟಿ ನೋಡಿದ, ಆಮೇಲೆ ಅವಳ ಎಡಗೈ ನೋಡಿದ. ಕಣ್ಣು ಅಲ್ಲೇ ನಿಂತಿತು. ಮೇಸ್ತ್ರಿ ಅವನ ಬೆನ್ನ ಮೇಲೆ ಕೈ ಇಟ್ಟು ಬಾಗಿಲ ಕಡೆ ನಡೆಸಿದ. ಶೆಡ್ಡು ದಾಟುವಾಗ ಅವನ ಇಸ್ತ್ರಿ ಅಂಗಿಯ ಮೇಲೆಲ್ಲ ನೂಲಿನ ಧೂಳು ಕೂತಿತ್ತು.

ಸಾಲು ಇನ್ನೂ ಬೆನ್ನಾಗಿಯೇ ಇತ್ತು. ಕರೆಯುವ ತನಕ ತಿರುಗುವಂತಿಲ್ಲ. ಅವಳು ನೆಲಕ್ಕೆ ಬಿದ್ದಿದ್ದ ನೂಲಿನ ಉಂಡೆ ಎತ್ತಿಕೊಂಡು ಗುಬ್ಬಿಯ ಭುಜ ತಟ್ಟಿದಳು. ಗುಬ್ಬಿ ತಿರುಗಿದಳು. ರೆಪ್ಪೆಯ ಮೇಲಿನ ಬಿಳಿ ಧೂಳು ಒದ್ದೆಯಾಗಿ ಗಂಟುಗಟ್ಟಿತ್ತು. ಏನೋ ಹೇಳಲು ತುಟಿ ತೆರೆದಳು.

"ನಾಳೆ ನೀನೂ ನನ್ನ ಜೊತೆ ಬಾ" ಎಂದಳು ಅವಳು, ಬಾಯಿಗೆ ಕೈ ಅಡ್ಡ ಹಿಡಿಯದೆ, ಮಗ್ಗಕ್ಕೆ ಎದೆ ಕೊಟ್ಟವರು ಯಾರು ತಿರುಗಿದರೂ ಕಾಣುವ ಹಾಗೆ. "ನಿಂಗೂ ಒಂದಿದೆ ಅಂದಿದ್ಯಲ್ಲ."

ಗುಬ್ಬಿಯ ಕೈ, ಅವಳಿಗೇ ತಿಳಿಯದೆ, ಅಡ್ಡಪಟ್ಟಿ ಮತ್ತು ಎದೆಯ ನಡುವೆ ಬಂದು ಕೂತಿತು. ಗುಬ್ಬಿಯನ್ನು ದಾಟಿ ಅವಳು ಆಚೆಯವಳ ಭುಜವನ್ನೂ ತಟ್ಟಿದಳು, ಆ ತಟ್ಟು ಸಾಲಿನುದ್ದಕ್ಕೂ ಸಾಗಿ ಒಂದೊಂದಾಗಿ ಮುಖಗಳು ತಿರುಗತೊಡಗಿದವು.